ಏಳು ದಿನ ಕಳೆದರೆ ಅಳಿಸು

ಮಾರ್ಚ್ 4, ಸೋಮವಾರ

ಮ್ಯಾನೇಜರ್ ಇಂದು ನಕ್ಷೆಗಾರರ ಹಾಲಿಗೆ ಬಂದು, ಏಪ್ರಿಲ್ ಮುಗಿಯುವುದರೊಳಗೆ ಎರಡು ಸೀಟು ಕಡಿಮೆಯಾಗುತ್ತವೆ ಎಂದು ಹೇಳಿ ಹೋದರು. ನಾಳೆ ಮೋಡವಿರುತ್ತದೆ ಎಂದು ಹೇಳುವ ದನಿಯಲ್ಲಿ. ಯಾರ ಸೀಟು, ಯಾವ ಲೆಕ್ಕದ ಮೇಲೆ, ಒಂದೂ ಇಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಬೇಡವೇ? ಎಲ್ಲರೂ ತಲೆ ತಗ್ಗಿಸಿ ಗೆರೆ ಎಳೆದರು.

ಹದಿನೇಳನೆಯ ಸೀಟು ನನ್ನ ಅತ್ತಿಗೆಯದು. ವರ್ಕ್‌ಶಾಪಿನಲ್ಲಿ ಅಣ್ಣನಿಗೆ ಅರ್ಧ ವಾರ ಮಾತ್ರ ಕೆಲಸ ಕೊಡಲು ಶುರುಮಾಡಿದ ಮೇಲೆ ಮನೆ ನಿಂತಿರುವುದು ಅತ್ತಿಗೆಯ ದುಡಿಮೆಯ ಮೇಲೆ. ಆ ಸೀಟು ಹೋದರೆ ಮೂವರೂ ಬೀದಿಗೆ ಬಂದ ಹಾಗೆ. ಇಲ್ಲಿ ನನಗೆ ಕೆಲಸ ಕೊಡಿಸಿದವರೂ ಅವರೇ.

ಸಿಟ್ಟಿನಲ್ಲಿ ಯೋಚನೆ ಕಲಸಿಹೋಗುತ್ತದೆ, ಬುಡದಿಂದ ಬರೆಯುತ್ತೇನೆ. ನಮ್ಮದು ಸೇತುವೆಗಳ ನಕ್ಷೆ ಮಾಡುವ ಕಚೇರಿ. ಒಂದು ಸೇತುವೆ ಎಷ್ಟು ಭಾರ ತಾಳುತ್ತದೆ ಎಂಬ ಲೆಕ್ಕ ಒಂದೇ ಕಂಪ್ಯೂಟರಿನಿಂದ ಆಗುವಂಥದ್ದಲ್ಲ. ಅದನ್ನು ಚೂರುಚೂರು ಮಾಡಿ ಹಾಲಿನ ಎಲ್ಲ ಕಂಪ್ಯೂಟರುಗಳಿಗೆ ಹಂಚುವ ಒಂದು ತಂತ್ರಾಂಶವಿದೆ. ಎಲ್ಲರೂ ಅದನ್ನು ‘ಹಂಚಿಕೆ’ ಎಂದೇ ಕರೆಯುತ್ತಾರೆ. ನಕ್ಷೆಗಾರರು ಯಾರಾದರೂ ಚಹಾಕ್ಕೆ ಎದ್ದರೆ ಹಂಚಿಕೆ ಆ ಕಂಪ್ಯೂಟರಿಗೆ ಲೆಕ್ಕದ ಒಂದು ಚೂರು ದಾಟಿಸುತ್ತದೆ. ವಾಪಸ್ ಬಂದು ಕೀಲಿ ಒತ್ತಿದರೆ ಚೂರನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಖಾಲಿ ಸೀಟು ಹುಡುಕುತ್ತದೆ. ಇದನ್ನು ನೋಡಿಕೊಳ್ಳುವವರು ಪಕ್ಕದ ಮೆಷಿನ್ ಕೋಣೆಯ ಮೇಷ್ಟ್ರು. ಹಿಂದೆ ಗಣಿತ ಹೇಳುತ್ತಿದ್ದರಂತೆ, ಹೆಸರು ಅಂಟಿಕೊಂಡಿದೆ. ನಾನು ಅವರ ಸಹಾಯಕಿ.

ಇಂದು ಸಂಜೆ ಹಂಚಿಕೆಯ ಸೆಟ್ಟಿಂಗ್ ಪುಟದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಈವೆಂಟ್ ಮಾನಿಟರ್: ಆನ್. ಅಂದರೆ ಯಾವ ಸೀಟು ಎಷ್ಟು ಹೊತ್ತಿಗೆ ಖಾಲಿಯಾಯಿತು, ಎಷ್ಟು ಹೊತ್ತಿಗೆ ತುಂಬಿತು, ಎಲ್ಲವೂ ದಾಖಲಾಗುತ್ತಿದೆ. ಇದನ್ನು ಆನ್ ಮಾಡಿದವರು ಯಾರು ಎಂದು ಮೇಷ್ಟ್ರನ್ನು ಕೇಳಿದೆ.

“ಯಾರೂ ಮಾಡಿಲ್ಲಮ್ಮ. ಡಿಫಾಲ್ಟ್ ಅದು. ಬರುವಾಗಲೇ ಹಾಗೆ ಬಂದಿತ್ತು.”

ನನ್ನ ಹಾಸಿಗೆಯ ಕೆಳಗಿರುವ ಕಾರ್ಮಿಕ ಹೋರಾಟದ ಕಿರುಹೊತ್ತಗೆಗಳಲ್ಲಿ ಒಂದರ ಮೊದಲ ಪುಟದಲ್ಲೇ ಇದೆ: ಯಾರೂ ಮಾಡದೆ ಆದದ್ದು ಎಂಬುದು ಲೋಕದಲ್ಲಿಲ್ಲ, ಮಾಡಿದವನು ಮರೆಯಲ್ಲಿದ್ದಾನೆ, ಅಷ್ಟೆ. ಎರಡು ಸೀಟು ಹೇಗೆ ಆರಿಸುತ್ತಾರೆಂದು ಈಗ ಗೊತ್ತಾಯಿತು.

ಮಾರ್ಚ್ 6, ಬುಧವಾರ

ಉಳಿದ ಸೆಟ್ಟಿಂಗುಗಳನ್ನೂ ನೋಡಿದೆ. ‘ವರದಿ ಯಾರಿಗೆ’ ಎಂಬಲ್ಲಿ ಖಾಲಿ. ಯಾರಿಗೂ ಹೋಗದ ವರದಿಯನ್ನು ಇಷ್ಟು ಶ್ರದ್ಧೆಯಿಂದ ಯಾರು ಬರೆಯುತ್ತಾರೆ? ಕೆಳಗಿನ ಸಾಲು ಓದಿ ಮೈ ಉರಿಯಿತು. ಏಳು ದಿನ ಕಳೆದರೆ ಅಳಿಸು. ನೋಡುತ್ತಾರೆ, ಬೇಕಾದ್ದು ತೆಗೆದುಕೊಳ್ಳುತ್ತಾರೆ, ಕುರುಹು ಒರೆಸಿಬಿಡುತ್ತಾರೆ.

ಮೇಷ್ಟ್ರದು ಅದೇ ತಣ್ಣನೆಯ ಉತ್ತರ. ಲೆಕ್ಕ ಮಧ್ಯದಲ್ಲಿ ಕೆಟ್ಟರೆ ಯಾವ ಯಂತ್ರದಲ್ಲಿ ಕೆಟ್ಟಿತು ಎಂದು ಹುಡುಕಲು ಆ ದಾಖಲೆ ಬೇಕಂತೆ, ವಾರ ಕಳೆದ ಮೇಲೆ ಅದು ಹಳೇ ಪೇಪರಿದ್ದ ಹಾಗಂತೆ. ಇಷ್ಟು ಸಲೀಸಾಗಿ ಉತ್ತರ ಬರಬೇಕಾದರೆ ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿರಬೇಕು.

ಅವರು ಊಟಕ್ಕೆ ಎದ್ದಾಗ ಆ ಸಾಲನ್ನು ಬದಲಾಯಿಸಿದೆ. ಈಗ ಅಲ್ಲಿರುವುದು: ಎಂದೂ ಅಳಿಸಬೇಡ. ಇನ್ನು ಒರೆಸಲಿ ನೋಡೋಣ. ಒಂದು ತಿಂಗಳ ಸಾಕ್ಷಿ ಕೈಯಲ್ಲಿದ್ದರೆ ಹಾಲಿನ ಎಲ್ಲರೆದುರು ಇಡುತ್ತೇನೆ. ಆಗ ಹೇಗೆ ತಲೆ ತಗ್ಗಿಸುತ್ತಾರೋ ನೋಡುತ್ತೇನೆ.

ಮಾರ್ಚ್ 8, ಶುಕ್ರವಾರ

ಊಟದ ಹೊತ್ತಿನಲ್ಲಿ ಮನೆಯಲ್ಲಿ ವಿಷಯ ತೆಗೆದೆ. “ಶುರುವಾಯ್ತು ಕರಪತ್ರ” ಎಂದರು ಅತ್ತಿಗೆ. ಕಚೇರಿಯಲ್ಲೂ ನನಗೆ ಅದೇ ಹೆಸರು, ಇಟ್ಟವರು ಅವರೇ. ಅಣ್ಣ ಬಿದ್ದುಬಿದ್ದು ನಕ್ಕ. ಅವನ ಮಾಲೀಕನಿಗೆ ತಂತ್ರಾಂಶವೇನೂ ಬೇಡವಂತೆ, ಕೂತು ಎಲ್ಲರನ್ನೂ ನೋಡಲು ಕಿಟಕಿಯ ಹತ್ತಿರ ಒಂದು ಸ್ಟೂಲು ಸಾಕಂತೆ.

ಅತ್ತಿಗೆ ನಗಲಿಲ್ಲ. ತಟ್ಟೆಯಲ್ಲಿ ಕೈಯಾಡಿಸುತ್ತ ಕೇಳಿದರು. “ಎದ್ದು ಹೋದದ್ದೂ ಬರೆದುಕೊಳ್ಳುತ್ತಾ ಅದು?”

ಹೌದು ಎಂದೆ.

“ಎಷ್ಟು ಹೊತ್ತು ಅಂತಾನೂ?”

ಅದನ್ನೂ ಎಂದೆ. ಅವರು ನೀರಿನ ಲೋಟಕ್ಕೆ ಕೈ ತಗುಲಿಸಿ ಚೆಲ್ಲಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅನ್ನಿಸಿತು. ಛೇ, ಅತ್ತಿಗೆಯ ಮೇಲೆ ಅನುಮಾನವೇ? ಆದರೂ ಬರೆದಿಡುತ್ತೇನೆ.

ಮಾರ್ಚ್ 14, ಗುರುವಾರ

ಸಂಜೆ ಬಸ್ ಸ್ಟಾಪಿನಲ್ಲಿ ಅತ್ತಿಗೆ, ಬರುತ್ತಿರುವುದು ನಮ್ಮ ಬಸ್ಸಾ ನೋಡು ಎಂದರು. ಬೋರ್ಡು ಮೂಗಿನ ಮುಂದೆಯೇ ಇತ್ತು. ಏನಾದರೊಂದು ನೆಪ ಮಾಡಿ ನನ್ನನ್ನು ಮಾತಿಗೆಳೆದು, ಕೈಯಲ್ಲಿ ಏನೇನು ಸಾಕ್ಷಿ ಇದೆ ಎಂದು ತಿಳಿಯುವ ಉಪಾಯ. ನಾನು ಬಾಯಿ ಬಿಡಲಿಲ್ಲ. ಬಸ್ಸು ಹೋಯಿತು. ನಮ್ಮದೇ ಆಗಿತ್ತು.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಬಂದ ಕೂಡಲೇ ಮೊದಲು ಮಾನಿಟರಿನ ದಾಖಲೆ ತೆರೆಯುವುದು ಅಭ್ಯಾಸವಾಗಿದೆ. ಚಹಾ ಆಮೇಲೆ.

ಎಂಥ ಭಯಂಕರ ಅಸ್ತ್ರ ಇದು. ನಾಲ್ಕನೆಯ ಸೀಟು ಎದ್ದರೆ ಹಿಂದೆಯೇ ಒಂಬತ್ತನೆಯದು ಏಳುತ್ತದೆ, ವಾಪಸ್ಸೂ ಜೊತೆಗೇ. ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದಾರೆ, ಪಾಪ. ಹನ್ನೊಂದನೆಯವರು ಸಿಗರೇಟು ಬಿಟ್ಟೆನೆಂದು ಹೆಂಡತಿಯನ್ನು ಕರೆತಂದು ಎಲ್ಲರ ಮುಂದೆ ಹೇಳಿಸಿದ್ದರು. ಬಿಟ್ಟಿಲ್ಲ. ಎರಡನೆಯವರು ಮ್ಯಾನೇಜರ್ ಹೊರಗೆ ಹೋದ ದಿನ ಊಟಕ್ಕೆ ಹೋದವರು ಬರುವುದೇ ಇಲ್ಲ. ಇಷ್ಟೆಲ್ಲ ತಪ್ಪಾದವರ ಕೈಗೆ ಸಿಕ್ಕರೆ ಗತಿಯೇನು? ಅದಕ್ಕೇ ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ಓದಿ, ಸೀಟಿನ ಪ್ರಕಾರ ಗುರುತು ಮಾಡಿಟ್ಟುಕೊಳ್ಳುತ್ತಿದ್ದೇನೆ.

ಹದಿನೇಳನೆಯ ಸೀಟು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ. ಊಟದ ಬಿಡುವು ಮುಗಿದು ಎಲ್ಲರೂ ಕೂತ ಮೇಲೆ ಅದು ಏಳುತ್ತದೆ. ಮುಕ್ಕಾಲು ಗಂಟೆ ಖಾಲಿ. ಒಂದು ದಿನವೂ ತಪ್ಪಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೂರುವುದೂ ಅದೇ. ಹಾಲ್ ಖಾಲಿಯಿರುವಾಗ ಬಂದು ಏನು ಮಾಡುತ್ತಾರೆ?

ಮಾರ್ಚ್ 26, ಮಂಗಳವಾರ

ಇಂದು ಹಿಂಬಾಲಿಸಿದೆ. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ. ಕಾರಿಡಾರಿನ ತುದಿಯಲ್ಲಿ ಎಡಕ್ಕೆ ಹಳೇ ನಕ್ಷೆಗಳ ಕೋಣೆ, ಬಲಕ್ಕೆ ಮ್ಯಾನೇಜರ್ ಕೋಣೆ. ಅತ್ತಿಗೆ ಗೋಡೆಗೆ ಕೈಯೂರಿ ನಡೆಯುತ್ತಿದ್ದರು, ಸದ್ದಾಗಬಾರದೆಂದು. ತಿರುವಿಗೆ ನಾನು ಬರುವಷ್ಟರಲ್ಲಿ ಇಲ್ಲ. ಬಾಗಿಲು ಮುಚ್ಚಿದ ಸದ್ದು ಮಾತ್ರ. ಹಳೇ ನಕ್ಷೆಗಳ ಕೋಣೆಗೆ ದೂಳು ಕುಡಿಯಲು ಯಾರು ಹೋಗುತ್ತಾರೆ?

ಹಾಲಿಗೆ ಬಂದು ಅವರ ಪರದೆಯ ಹತ್ತಿರ ಹೋದೆ. ಕಪ್ಪು ಹಿನ್ನೆಲೆ, ಅದರ ಮೇಲೆ ಇರುವೆಯ ಬದಲು ಆನೆ ಬರೆದಂಥ ಅಕ್ಷರಗಳು. ಕಳೆದ ವಾರ ನಾನು ಬಂದೆನೆಂದು ಅದನ್ನೇ ಅಲ್ಲವೇ ಅವರು ಸರಕ್ಕನೆ ಚಿಕ್ಕದು ಮಾಡಿದ್ದು? ದೂರದಿಂದ ಇನ್ನೊಬ್ಬರಿಗೆ ಓದಿಸಲಲ್ಲದೆ ಅಷ್ಟು ದೊಡ್ಡ ಅಕ್ಷರ ಯಾಕೆ?

ವರದಿ ಯಾರಿಗೂ ಹೋಗುವುದಿಲ್ಲ ಎಂಬುದರ ಗುಟ್ಟು ಬಯಲಾಯಿತು. ಯಂತ್ರ ಕಳಿಸುವುದಿಲ್ಲ. ಮನುಷ್ಯರು ಒಯ್ಯುತ್ತಾರೆ.

ಮಾರ್ಚ್ 29, ಶುಕ್ರವಾರ

ಬಟ್ಟೆ ಮಡಿಸುವಾಗ ನೇರವಾಗಿ ಕೇಳಿದೆ. ಮಧ್ಯಾಹ್ನ ಎಲ್ಲಿಗೆ ಹೋಗುತ್ತೀರಿ ಅತ್ತಿಗೆ?

ಕೂತು ಕೂತು ಕಾಲು ಜೋಮು ಹಿಡಿಯುತ್ತದೆ, ನಡೆದು ಬರುತ್ತೇನೆ ಎಂದರು. ಸುಳ್ಳು. ನಡೆಯುವವರು ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ನನ್ನ ಮುಖ ನೋಡಿ ಅವರಿಗೂ ಅರ್ಥವಾಗಿರಬೇಕು.

“ಮನೆಯೊಳಗೂ ಹಾಕಿದ್ದೀಯೇನೇ ನಿನ್ನ ಮಾನಿಟರು? ನಿಮ್ಮಣ್ಣ ಒಬ್ಬನೇ ಬಾಕಿ, ಅವನನ್ನೂ ನೋಡ್ಕೋ. ನಿದ್ದೇಲಿ ಮಾತಾಡ್ತಾನೆ.”

ನಗಿಸಿ ಮರೆಸುವ ವಿದ್ಯೆ. ಮಡಿಸಿದ ಬಟ್ಟೆಯಲ್ಲಿ ಅಣ್ಣನ ಒಂದು ಕರಿ ಕಾಲುಚೀಲಕ್ಕೆ ನನ್ನ ನೀಲಿಯದು ಜೋಡಿಯಾಗಿತ್ತು. ಮನಸ್ಸು ಎಲ್ಲೋ ಇದ್ದವರ ಕೆಲಸ.

ಏಪ್ರಿಲ್ 3, ಬುಧವಾರ

ನಿದ್ದೆಯಿಲ್ಲ. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತವರು. ಈ ಕೆಲಸಕ್ಕೆ ನನ್ನ ಪರವಾಗಿ ಮಾತು ಕೊಟ್ಟವರು. ಆದರೆ ಸ್ವಂತ ಸೀಟು ಉಳಿಸಿಕೊಳ್ಳಲು ಜೊತೆಯವರನ್ನು ಮಾರುವವರು ಯಾರೇ ಆಗಲಿ. ತತ್ವಕ್ಕೆ ನೆಂಟರಿಲ್ಲ.

ಏಪ್ರಿಲ್ 8, ಸೋಮವಾರ

ಎಲ್ಲರಿಗಿಂತ ಮೊದಲು ಹೋಗಿ ಹಾಲಿನ ಬಾಗಿಲಿಗೆ ಅಂಟಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮನ್ನು ನೋಡುತ್ತಿದ್ದಾರೆ’. ಕೆಳಗೆ ಒಂದು ತಿಂಗಳ ದಾಖಲೆ, ಯಾವ ಸೀಟು ದಿನಕ್ಕೆ ಎಷ್ಟು ಹೊತ್ತು ಖಾಲಿ ಎಂಬ ಪಟ್ಟಿ. ಯಾರ ಹೆಸರನ್ನೂ ಹಾಕಿಲ್ಲ, ಸೀಟಿನ ಸಂಖ್ಯೆ ಮಾತ್ರ. ಹದಿನೇಳರ ಕೆಳಗೆ ಗೆರೆ ಎಳೆದು ಒಂದು ಪ್ರಶ್ನೆ: ಇವರು ದಿನಾ ಮಧ್ಯಾಹ್ನ ಯಾರ ಕೋಣೆಗೆ ಹೋಗುತ್ತಾರೆ, ಕೇಳಿ.

ಜನ ಗುಂಪುಗೂಡಿ ಓದಿದರು. ಈ ಕಚೇರಿಯಲ್ಲಿ ಮೊದಲ ಸಲ ಗುಂಪು! ಆದರೆ ಅವರು ಬೈದದ್ದು ಮ್ಯಾನೇಜರನ್ನಲ್ಲ. ನಾಲ್ಕನೆಯ ಸೀಟಿನವಳು ಒಂಬತ್ತನೆಯವನ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯವರು ಹನ್ನೊಂದನೆಯವರನ್ನು, ನಿನ್ನದು ನನಗಿಂತ ಜಾಸ್ತಿ ಇದೆಯಲ್ಲೋ ಎಂದು ಕೆಣಕಿದರು. ಪ್ರಜ್ಞೆ ಮೂಡಲು ಸಮಯ ಬೇಕು.

ಅತ್ತಿಗೆ ಬಾಗಿಲ ಬಳಿ ನಿಂತು, ಏನಿದೆ ಇದರಲ್ಲಿ ಎಂದು ಪಕ್ಕದವಳನ್ನು ಕೇಳಿದರು. ಓದಲೂ ಮನಸ್ಸಿಲ್ಲ! ಅವಳು ಓದಿ ಹೇಳಿದಳು. ಅತ್ತಿಗೆ ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 9, ಮಂಗಳವಾರ

ಊಟದ ಬಿಡುವಿನಲ್ಲಿ ಯಾರೂ ಅತ್ತಿಗೆಯ ಪಕ್ಕ ಕೂರಲಿಲ್ಲ. ಎರಡನೆಯ ಸೀಟಿನವರು ದನಿ ಎತ್ತರಿಸಿ, ನಮ್ಮಲ್ಲಿ ಕೆಲವರಿಗೆ ಸೀಟು ಗಟ್ಟಿ, ದಿನಾ ಹೋಗಿ ಮೇಲಿನವರ ಕಿವಿ ತುಂಬಿ ಬರುತ್ತಾರೆ ಎಂದರು. ಅತ್ತಿಗೆ ಡಬ್ಬಿ ಮುಚ್ಚಿ ಎದ್ದು ನಿಂತರು. ನಾನು ಮೆಷಿನ್ ಕೋಣೆಯ ಬಾಗಿಲಲ್ಲಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ನಾನು ಹೋಗೋದು ಹಳೇ ನಕ್ಷೆ ಕೋಣೆಗೆ. ಕಣ್ಣಿಗೆ ಒದ್ದೆ ಬಟ್ಟೆ ಹಾಕ್ಕೊಂಡು ಮಲಗ್ತೀನಿ. ಎಡಗಣ್ಣು ಹೆಚ್ಚೂಕಡಿಮೆ ಹೋಗಿದೆ. ಬಲಗಣ್ಣಿಗೆ ದಿನಾ ಅಷ್ಟು ವಿಶ್ರಾಂತಿ ಕೊಡದಿದ್ದರೆ ಸಂಜೆ ಗೆರೆ ಎರಡೆರಡು ಕಾಣುತ್ತೆ. ಆ ಹೊತ್ತಿನ ಕೆಲಸ ಬೆಳಿಗ್ಗೆನೇ ಬಂದು ಮುಗಿಸ್ತೀನಿ. ಕುರುಡಿ ಅಂತ ಕಳಿಸಿದರೆ ಹೋಗ್ತೀನಿ. ಚಾಡಿಕೋರಿ ಅನ್ನಿಸಿಕೊಂಡು ಇಲ್ಲಿ ಕೂರೋದಿಲ್ಲ.”

ಆಮೇಲೆ ಎಲ್ಲರೂ ನೋಡುತ್ತಿದ್ದ ಕಡೆ ನಾನೂ ನೋಡಿದೆ. ಬಾಗಿಲಿಗೆ ಅಂಟಿಸಿದ ನನ್ನ ಹಾಳೆಯ ಮುಂದೆ ಮ್ಯಾನೇಜರ್ ನಿಂತಿದ್ದರು. ಹಾಳೆಯನ್ನು ಹುಷಾರಾಗಿ, ಅಂಚು ಹರಿಯದಂತೆ ಬಿಡಿಸಿಕೊಂಡು ಹೋದರು.

ಏಪ್ರಿಲ್ 10, ಬುಧವಾರ

ನನ್ನನ್ನೂ ಮೇಷ್ಟ್ರನ್ನೂ ಕರೆಸಿದರು. ಬೈಯುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಬೈಯಲಿಲ್ಲ. ಹಾಳೆ ಮೇಜಿನ ಮೇಲಿತ್ತು, ಕೆಲವು ಸೀಟುಗಳಿಗೆ ಪೆನ್ಸಿಲ್ ಗುರುತು ಬಿದ್ದಿತ್ತು.

“ಇಂಥದ್ದೊಂದು ನಮ್ಮಲ್ಲಿದೆ ಅಂತಾನೇ ಗೊತ್ತಿರಲಿಲ್ಲ ನನಗೆ. ಎರಡು ಸೀಟು ಹೇಗೆ ಆರಿಸೋದು ಅಂತ ತಲೆ ಕೆಟ್ಟುಹೋಗಿತ್ತು. ಚೀಟಿ ಎತ್ತೋಣ ಅಂದುಕೊಂಡಿದ್ದೆ.”

ಅವರು ನಿಜ ಹೇಳುತ್ತಿದ್ದಾರೆಯೇ ಎಂದು ಮುಖವನ್ನು ಚೆನ್ನಾಗಿ ನೋಡಿದೆ. ಹೇಳುತ್ತಿದ್ದ ಹಾಗೇ ಇತ್ತು. ಅದೇ ಅವರ ಚಾಣಾಕ್ಷತನ.

ಹೊರಗೆ ಬಂದ ಮೇಲೆ ಮೇಷ್ಟ್ರು ಕಾರಿಡಾರಿನಲ್ಲಿ ನಿಂತರು. “ಒಂದು ವಾರಕ್ಕೆ ತಾನಾಗೇ ಅಳಿಸಿ ಹೋಗ್ತಿತ್ತಲ್ಲಮ್ಮ. ಒಂದು ತಿಂಗಳದ್ದು ಹೇಗೆ ಬಂತು?”

ನಾನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮೆಷಿನ್ ಕೋಣೆಗೆ ಹೋದರು. ಸಂಜೆ ಹದಿನೇಳನೆಯ ಸೀಟಿಗೆ ಪತ್ರ ಬಂತು.

ಏಪ್ರಿಲ್ 12, ಶುಕ್ರವಾರ

ಅತ್ತಿಗೆ ಮನೆಯಲ್ಲಿದ್ದಾರೆ. ಕಣ್ಣಿನ ವಿಷಯ ನನಗೆ ಹೇಳಬಹುದಿತ್ತಲ್ಲ ಎಂದೆ ಅಣ್ಣನಿಗೆ. ಅವನು ಮುರಿದ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದ.

“ನನ್ನನ್ನ ಕೇಳಿದ್ದರೆ ನಾನೇ ಹೇಳ್ತಿದ್ದೆ. ನೀನು ಯಂತ್ರವನ್ನ ಕೇಳಿದೆ.”

ಅವನಿಗೂ ಗೊತ್ತಿತ್ತು ಅಂದರೆ ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿದ್ದರು. ಒಂದೇ ಸೂರಿನ ಕೆಳಗೆ. ಮುಚ್ಚಿಡದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಹೀಗೆ ಬರೆದಮೇಲೂ ಮನಸ್ಸಿಗೆ ಸಮಾಧಾನವಿಲ್ಲ. ಯಾಕೆಂದು ತಿಳಿಯುತ್ತಿಲ್ಲ.

ಸೆಟ್ಟಿಂಗನ್ನು ಏಳು ದಿನಕ್ಕೆ ಹಿಂದಿರುಗಿಸಲು ಹೋದೆ. ಆಗುವುದಿಲ್ಲ, ಈಗ ಮ್ಯಾನೇಜರ್ ಅನುಮತಿ ಬೇಕು. ಕೇಳಿದೆ. ಕೊಡಲಿಲ್ಲ.

ಏಪ್ರಿಲ್ 16, ಮಂಗಳವಾರ

ತೆಗೆಯಬೇಕಾದ ಇನ್ನೊಂದು ಸೀಟು ಆರಿಸಲು ವಾರವಾರ ವರದಿ ಬೇಕೆಂದು ಮ್ಯಾನೇಜರ್ ಹೇಳಿದರಂತೆ. ಯಂತ್ರ ನೋಡುವುದು ನನ್ನ ಕೆಲಸ, ಮನುಷ್ಯರನ್ನು ನೋಡುವುದಲ್ಲ ಎಂದು ಮೇಷ್ಟ್ರು ಕೈ ತೊಳೆದುಕೊಂಡರು. ಇದು ಅನುಕೂಲಸ್ಥರ ಮಾತು. ಅವರು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಹೃದಯವಿಲ್ಲದವರು.

ಆದ್ದರಿಂದ ನಾನು ಒಪ್ಪಿಕೊಂಡೆ. ದಾಖಲೆ ಜನರ ಪರವಾಗಿರುವವರ ಕೈಯಲ್ಲಿರಬೇಕು. ಯಾರು ನಿಜವಾಗಿ ದಣಿದು ಏಳುತ್ತಾರೆ, ಯಾರು ಸೋಮಾರಿತನಕ್ಕೆ ಏಳುತ್ತಾರೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಇನ್ನೊಬ್ಬ ಅತ್ತಿಗೆಗೆ ಹೀಗಾಗಲು ಬಿಡುವುದಿಲ್ಲ.

ಮನೆಗೆ ಬಂದು ಇದನ್ನು ಹೇಳಿದೆ. ಅತ್ತಿಗೆ ಕೇಳಿಸಿಕೊಂಡು, “ಬನ್ನಿ, ಊಟಕ್ಕೆ ಕೂತ್ಕೊಳ್ಳಿ” ಎಂದರು. ನನಗೆ. ಇಷ್ಟು ವರ್ಷ ‘ಬಾರೇ’ ಎಂದವರು. ಅಣಕವೋ ಮರ್ಯಾದೆಯೋ ಗೊತ್ತಾಗಲಿಲ್ಲ. ಕರಪತ್ರ ಎಂದೂ ಕರೆಯಲಿಲ್ಲ.

ಏಪ್ರಿಲ್ 24, ಬುಧವಾರ

ವಿಚಿತ್ರವಾದದ್ದು ನಡೆಯುತ್ತಿದೆ. ಹದಿನೇಳನೆಯ ಕಂಪ್ಯೂಟರನ್ನು ಆಗಲೇ ತೆಗೆದಿದ್ದಾರೆ; ಉಳಿದವುಗಳಲ್ಲಿ ವಾರದಿಂದ ಒಂದು ಸೀಟೂ ಖಾಲಿಯಾಗಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ, ಊಟದ ಬಿಡುವಿನಲ್ಲೂ, ಎಲ್ಲ ಕೀಬೋರ್ಡುಗಳೂ ದುಡಿಯುತ್ತಿವೆ ಎನ್ನುತ್ತದೆ ದಾಖಲೆ. ಬಿಡುವಾದ ಕಂಪ್ಯೂಟರೇ ಸಿಗದೆ ಹಂಚಿಕೆ ಚೂರುಗಳನ್ನು ಹಿಡಿದುಕೊಂಡು ಸುಮ್ಮನೆ ಕೂತಿದೆ. ಸೇತುವೆಯ ಲೆಕ್ಕ ಅರ್ಧಕ್ಕೆ ನಿಂತಿದೆ. ಮೇಷ್ಟ್ರು ಅದನ್ನು ನೋಡಿ ನಕ್ಕರು, ಕಾರಣ ಹೇಳಲಿಲ್ಲ.

ಊಟದ ಹೊತ್ತಿನಲ್ಲಿ ಮುನ್ಸೂಚನೆ ಕೊಡದೆ ಹಾಲಿಗೆ ಹೋದೆ. ಸೀಟುಗಳಲ್ಲಿ ಯಾರೂ ಇಲ್ಲ. ಪ್ರತಿಯೊಂದು ಕೀಬೋರ್ಡಿನ ಮೇಲೂ ಒಂದೊಂದು ಸ್ಟೇಪ್ಲರ್ ಕೂತು ಕೀಲಿ ಒತ್ತುತ್ತಿತ್ತು. ಒಂಬತ್ತನೆಯದರ ಮೇಲೆ ಮಾತ್ರ ಸೇಬು. ಮಧ್ಯಾಹ್ನ ಮತ್ತೆ ಹೋದಾಗ ಸ್ಟೇಪ್ಲರುಗಳು ಡ್ರಾಯರು ಸೇರಿದ್ದವು, ಎಲ್ಲರೂ ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದರು. ನಾನು ಕಾಲಿಡುವಷ್ಟರಲ್ಲಿ ಇಡೀ ಹಾಲಿನ ಮಾತು ನಿಂತುಹೋಗಿತ್ತು.

ಕೊನೆಗೂ ಇವರು ಒಂದಾಗಿದ್ದಾರೆ. ಆದರೆ ನಾನು ಬರುವುದು ಇವರಿಗೆ ಮೊದಲೇ ತಿಳಿಯುವುದು ಹೇಗೆ? ಯಾರೋ ಹೇಳುತ್ತಿದ್ದಾರೆ. ಯಾರು ಎಂದು ಕಂಡುಹಿಡಿಯಬೇಕು.